ಎರಡು ತಿಂಗಳ ಸಂಬಂಧ

ತೊಂದರೆಗೆಲ್ಲ ಮೂಲ ಒಂದು ಕರಿಹಲಗೆ. ಪುಣೆಯ ಬಿಬವೇವಾಡಿಯ ಒಂದು ವಸತಿ ಸೊಸೈಟಿಯ ಗೇಟಿನ ಬಳಿ ನಳದ ನೀರಿನ ವೇಳೆ ಬರೆಯಲು ಇಟ್ಟಿದ್ದ ಹಲಗೆ ಅದು. ೧೯೯೯ರ ಒಂದು ಭಾನುವಾರ ಬೆಳಿಗ್ಗೆ ಸಿದ್ದಾರೂಢ ಅದರ ಮೇಲೆ ತನ್ನ ದುಂಡನೆಯ ಅಕ್ಷರದಲ್ಲಿ ಹೀಗೆ ಬರೆದ: "ಇಂದು ಸಂಜೆ ನಾಲ್ಕಕ್ಕೆ ಹಾಲ್‌ನಲ್ಲಿ ಅಂತರ್ಧರ್ಮೀಯ ಸಂಬಂಧದ ಮಾತುಕತೆ. ಎಲ್ಲರೂ ಬರಬೇಕು. ಚಹಾ, ಕಾಂದೆಪೋಹೆ ಇದೆ. ಇಂತಿ, ಸಿದ್ದಾರೂಢ."

ಪಾಪ, ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಸಮಾಜಕಾರ್ಯ ಓದುತ್ತಿದ್ದ ಹುಡುಗ. ಶಿವಾಜಿನಗರದ ಒಂದು ಸರ್ವಧರ್ಮ ಸ್ನೇಹ ಕೇಂದ್ರದಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ಪು. ಅಲ್ಲಿಯವರು ಮರಾಠಿಯಲ್ಲಿ 'ಸಂವಾದ' ಎನ್ನುತ್ತಿದ್ದುದನ್ನು, ಸೊಸೈಟಿಯ ಅರ್ಧ ಜನ ಕನ್ನಡದವರೆಂಬ ಅಭಿಮಾನದಿಂದ 'ಮಾತುಕತೆ' ಮಾಡಿದ್ದ. ಧಾರವಾಡದ ಕಡೆಯವರಿಗೆ ಸಂಬಂಧ ಎಂದರೂ ಮದುವೆ, ಮಾತುಕತೆ ಎಂದರೂ ಮದುವೆ, ಪುಣೆಯಲ್ಲಿ ಕಾಂದೆಪೋಹೆ ಎಂದರೆ ಹೆಣ್ಣು ನೋಡುವ ದಿನದ ಅವಲಕ್ಕಿ ಎಂಬುದು ಆ ಓದಿದ ತಲೆಗೆ ಹೊಳೆಯಲಿಲ್ಲ.

ಅವನ ತಲೆಯಲ್ಲಿದ್ದದ್ದು ಪ್ರಮಾಣಪತ್ರ ಒಂದೇ. ಕೇಂದ್ರದ ಸಂಸ್ಥಾಪಕ ದಿಗಂಬರ ಸರ್ ಜಗತ್ತಿನ ಎಲ್ಲ ಧರ್ಮಗಳನ್ನೂ ವಿಮಾನದಿಂದ ಬಲ್ಲವರು. ಆ ರಾತ್ರಿಯೇ ಒಂದು ತಿಂಗಳ ಶಾಂತಿ ಸಮ್ಮೇಳನಕ್ಕೆ ವಿದೇಶಕ್ಕೆ ಹೊರಟಿದ್ದರು. ಹಿಂದಿನ ಮೂರು ಸಭೆಗಳಿಗೂ ಸಿದ್ದಾರೂಢ ಮತ್ತು ಬಾಡಿಗೆಯ ಮೈಕು ಇಬ್ಬರೇ ಹಾಜರಿದ್ದರಿಂದ, "ಮೂರು ಧರ್ಮದ ಮೂವತ್ತು ಜನ ಸೇರಿದರೆ ಸಹಿ, ಇಲ್ಲವಾದರೆ ಇಲ್ಲ" ಎಂದಿದ್ದರು. ಸೋಮವಾರ ಕಾಲೇಜಿಗೆ ಪತ್ರ ಕೊಡದಿದ್ದರೆ ಅವನು ನಪಾಸು. ನಪಾಸಾದರೆ ತ್ರಿವೇಣಿ ಇಲ್ಲ. ಮಾರ್ಕೆಟ್ ಯಾರ್ಡಿನ ಬೆಲ್ಲದ ವ್ಯಾಪಾರಿ ರಾಮಲಿಂಗಪ್ಪನವರು, ಹುಡುಗ ಪಾಸಾದರೆ ಮಾತ್ರ ಮಗಳನ್ನು ಕೊಡುವುದಾಗಿ ಖಡಕ್ಕಾಗಿ ಹೇಳಿದ್ದರು. ತ್ರಿವೇಣಿಯನ್ನು ಅವನು ನೋಡಿದ್ದು ಎರಡೇ ಸಲ. ಓದಿದ್ದೆಲ್ಲ ಮರೆಯಲು ಅಷ್ಟು ಸಾಕಾಗಿತ್ತು.

ಬಳಪದ ಕೈ ಒರೆಸಿಕೊಳ್ಳುವಷ್ಟರಲ್ಲಿ ಕೆಳಮನೆಯ ಗಂಗೂಬಾಯಿ ಹಾಲಿನ ಪಾತೆಲಿ ಹಿಡಿದು ಹಲಗೆಯ ಮುಂದೆ ನಿಂತಿದ್ದರು. ಸೊಸೈಟಿಯಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂಬ ಲೆಕ್ಕ ಇದ್ದದ್ದು ಅವರ ಬಳಿ.

"ಎಂಥಾ ಸಂಬಂಧಪಾ ಇದು, ಸಿದ್ದು?"

"ಬ್ಯಾರೆ ಧರ್ಮದವ್ರ ಕೂಡ ಮಾವಶಿ. ಎರಡ ತಿಂಗಳಿಂದ ಇದನ್ನ ಮಾಡಾಕತ್ತೀನ್ರಿ."

"ಎರಡ ತಿಂಗಳಿಂದ? ಯಾವ ಧರ್ಮದವ್ರ ಕೂಡ?"

"ಒಂದ ಅಂತ ಇಲ್ರಿ. ಮುಸ್ಲಿಂ, ಕ್ರಿಶ್ಚನ್, ಎಲ್ಲಾರ ಕೂಡಾನೂ ಇಟ್ಕೋಬೇಕು ಅಂತ ನಮ್ಮ ಸರ್ ಹೇಳ್ಯಾರ."

"ನಿಮ್ಮ ಅವ್ವಗ ಗೊತ್ತದ ಏನು?"

"ಗೊತ್ತದರಿ. ಇದಕ್ಕ ಕಾಲೇಜಿನ್ಯಾಗ ಮಾರ್ಕ್ಸ್ ಕೊಡ್ತಾರ."

ಗಂಗೂಬಾಯಿ ಹಾಲು ಒಲೆಯ ಮೇಲಿಡುವುದನ್ನೂ ಮರೆತು ಮೊದಲು ಫೋನಿನ ಬಳಿ ಹೋದರು. ಹನ್ನೊಂದರ ಹೊತ್ತಿಗೆ ಸುದ್ದಿ ಓಣಿ ದಾಟಿತು, ಮಧ್ಯಾಹ್ನದ ಹೊತ್ತಿಗೆ ಮಾರ್ಕೆಟ್ ಯಾರ್ಡು ಮುಟ್ಟಿತು.

ಸಿದ್ದಾರೂಢ ಮಾತ್ರ ಯಾರೂ ಬರಲಾರರು ಎಂಬ ಸಂಕಟದಲ್ಲಿ ಮೂರೂವರೆಗೆ ಹಾಲ್‌ನ ಬಾಗಿಲು ತೆಗೆದ. ನಾಲ್ಕಕ್ಕೆ ಐದು ನಿಮಿಷವಿರುವಾಗ ಜನ ಬಂದರು. ಬಂದರು ಎಂದರೆ, ರೇಷನ್ ಅಂಗಡಿಗೆ ಸಕ್ಕರೆ ಬಂದ ದಿನ ಬರುವಂತೆ ಬಂದರು. ಗಡಿಯಾರ ರಿಪೇರಿಯ ದಸ್ತಗೀರ್ ಸಾಹೇಬರು ಮೂಲತಃ ಹುಬ್ಬಳ್ಳಿಯವರು, ಎರಡು ತಿಂಗಳು ಬೇಡಿಕೊಂಡರೂ "ಪುರಸೊತ್ತಿಲ್ಲ" ಎಂದವರು. ಇಂದು ಹತ್ತು ಮಂದಿ ಹಿರಿಯರನ್ನು ಕಟ್ಟಿಕೊಂಡು ಬಂದಿದ್ದರು. ನಿವೃತ್ತ ನರ್ಸ್ ಫಿಲೋಮಿನಾ ಬಾಯಿ ಪ್ರಾರ್ಥನಾ ಮಂಡಳಿಯ ಹೆಂಗಸರನ್ನೆಲ್ಲ ಕರೆತಂದಿದ್ದರು. ಕುರ್ಚಿ ಸಾಲದೆ ಒಂದೊಂದರಲ್ಲಿ ಇಬ್ಬಿಬ್ಬರು, ಅದೂ ಧರ್ಮ ನೋಡದೆ, ಕೂತರು. ಸಿದ್ದಾರೂಢ ಹಿಗ್ಗಿನಿಂದ ತಲೆ ಎಣಿಸಿದ, ಮೂವತ್ತು ದಾಟಿತ್ತು.

ದಸ್ತಗೀರ್ ಸಾಹೇಬರು ಎದ್ದು ಫಿಲೋಮಿನಾ ಬಾಯಿಯ ಕಡೆ ಕೈ ತೋರಿಸಿದರು. "ಸಿದ್ದಣ್ಣ, ಸುತ್ತಿಬಳಸಿ ಮಾತು ಬ್ಯಾಡ. ಹುಡುಗಿ ನಮ್ಮಾಕಿನೋ, ಇವ್ರಾಕಿನೋ?"

"ಯಾವ ಹುಡುಗಿರಿ?"

"ಯಾರಾಕಿ ಆದ್ರೂ ಸರಿ, ಇದು ಆಗಬಾರದು," ಎಂಬ ಧ್ವನಿ ಹಿಂದಿನಿಂದ ಬಂತು. ರಾಮಲಿಂಗಪ್ಪನವರು. ಫಿಲೋಮಿನಾ ಬಾಯಿ ಹೌದೆಂದು ತಲೆಯಾಡಿಸಿದರು. ದಸ್ತಗೀರ್ ಸಾಹೇಬರೂ ತಲೆಯಾಡಿಸಿದರು. ಕೇಂದ್ರವು ಎಂಟು ವರ್ಷ ಪೋಸ್ಟರು ಹಚ್ಚಿ ತರಲಾಗದ ಐಕ್ಯ ಅರೆ ನಿಮಿಷದಲ್ಲಿ ಬಂದುಬಿಟ್ಟಿತು.

ಸಿದ್ದಾರೂಢ ಕೈಮುಗಿದ. "ಆ ಸಂಬಂಧ ಅಲ್ರಿ ಇದು, ದೇವರಾಣಿ," ಎಂದು ಶುರುಮಾಡಿದವನು ಎಲ್ಲರಿಗೂ ಬಿಡಿಸಿ ಹೇಳುವಷ್ಟರಲ್ಲಿ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಕೊನೆಗೆ ದಸ್ತಗೀರ್ ಸಾಹೇಬರು ನಕ್ಕರು, ಸಭೆಯೆಲ್ಲ ನಕ್ಕಿತು. ಅವಲಕ್ಕಿಯ ತಟ್ಟೆಗಳು ಕೈಯಿಂದ ಕೈಗೆ ದಾಟತೊಡಗಿದವು.

ಆ ಶುಭಗಳಿಗೆಯಲ್ಲಿ ಸೊಂಟದಲ್ಲಿ ಮೊಬೈಲು, ಕೈಯಲ್ಲಿ ಪ್ರಯಾಣದ ಬ್ಯಾಗಿನ ಸಮೇತ ದಿಗಂಬರ ಸರ್ ಒಳಬಂದರು. ಒಂದೇ ಕುರ್ಚಿಯಲ್ಲಿ ಒಬ್ಬ ಮೌಲ್ವಿಯೂ ಗಂಗೂಬಾಯಿಯ ಗಂಡನೂ ಕೂತು ಅವಲಕ್ಕಿ ತಿನ್ನುವುದನ್ನು ಕಂಡು ಅವರ ಕಣ್ಣು ತುಂಬಿದವು.

ರಾಮಲಿಂಗಪ್ಪನವರೂ ಮೆತ್ತಗಾಗಿದ್ದರು. ಆದರೂ ವ್ಯಾಪಾರಸ್ಥ ಮನುಷ್ಯ. "ನನಗ ಸಂಶಯ ಇಲ್ಲಪಾ. ಆದ್ರ ನಾಳೆ ನಮ್ಮ ಮಂದಿ ಕೇಳಿದ್ರ ತೋರಸಾಕ ಒಂದ ಕಾಗದ ಬೇಕು. ಅಷ್ಟ ಮಾಡಸಿ ಕೊಡು, ಮುಂದಿನ ವಾರ ನಿಶ್ಚಯದ ಶಾಸ್ತ್ರ ಮುಗಿಸೋಣು."

ಸಿದ್ದಾರೂಢ ಕುಣಿಯುವುದೊಂದು ಬಾಕಿ. ಸರ್ ಲೆಟರ್‌ಹೆಡ್ಡು ತೆಗೆದು ಸರಸರ ಬರೆದರು, ಸಹಿ ಹಾಕಿದರು, ನೇರಳೆ ಶಾಯಿಯ ಶಿಕ್ಕಾ ಒತ್ತಿದರು. ಕೈಚಾಚಿ ನಿಂತಿದ್ದ ರಾಮಲಿಂಗಪ್ಪನವರನ್ನೇ ಹುಡುಗನ ತಂದೆಯೆಂದು ತಿಳಿದು, ಪತ್ರವನ್ನು ಅವರ ಕೈಗಿತ್ತು, ವಿಮಾನಕ್ಕೆ ಹೊತ್ತಾಯಿತೆಂದು ರಿಕ್ಷಾ ಹತ್ತಿಬಿಟ್ಟರು.

ರಾಮಲಿಂಗಪ್ಪನವರು ಕನ್ನಡಕ ಏರಿಸಿ, ಮರಾಠಿಯ ಒಂದೊಂದೇ ಸಾಲನ್ನು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದರು.

"ಸಿದ್ದಾರೂಢ ಇವರಿಗೆ ಅಂತರ್ಧರ್ಮೀಯ ಸಂಬಂಧಗಳ ಎರಡ ತಿಂಗಳ ಪ್ರತ್ಯಕ್ಷ ಅನುಭವ ಅದ. ಎಲ್ಲಾ ಧರ್ಮದವ್ರಿಗೂ ಇವರು ಬೇಕಾದವ್ರು. ಮುಂದನೂ ಇಂಥಾ ಸಂಬಂಧಗಳನ್ನ ಹಿಂಗ ಬೆಳಸಲಿ ಅಂತ ಹಾರೈಸತೇವಿ."

ಅವಲಕ್ಕಿಯ ತಟ್ಟೆಗಳು ಒಂದೊಂದಾಗಿ ಕೆಳಗಿಳಿದವು.

"ಮಾವಾರ, ಅದು ಹಂಗಲ್ರಿ," ಎಂದ ಸಿದ್ದಾರೂಢ. "ಆ ಕಾಗದ ನಾಳೆ ಕಾಲೇಜಿಗೆ ಕೊಡೂದದ. ಅದನ್ನರ ಕೊಡ್ರಿ."

ರಾಮಲಿಂಗಪ್ಪನವರು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಇಳಿಸಿದರು.

"ಇದು ನನ್ನ ಹತ್ರನ ಇರಲಿ. ಸಂಬಂಧ ಯಾಕ ಮುರದ್ರಿ ಅಂತ ನಾಳೆ ಮಂದಿ ಕೇಳತಾರ."