ಪದಕದ ಡಬ್ಬಿಯಲ್ಲಿ ಒಂದಾದರೂ ಬೆಳ್ಳಿ

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಕೇಳಿಕೊಳ್ಳುವುದನ್ನು ಬಿಟ್ಟು ಬಹಳ ದಿನವಾಯಿತು. ಆಗುತ್ತವೆ, ಅಷ್ಟೇ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರನಾಗಿದ್ದಾಗ ಕಾಲುವೆಯ ಮೇಲೆ ಆಗುತ್ತಿದ್ದವು. ನಿವೃತ್ತನಾಗಿ ಕೊಪ್ಪಳದಲ್ಲಿ ಮನೆ ಮಾಡಿದ ಮೇಲೆ ಆನ್‌ಲೈನಿನಲ್ಲಿ ಆಗುತ್ತಿವೆ. ನನ್ನ ಸರೀಕರೆಲ್ಲ ಬೆಳಿಗ್ಗೆ ವಾಕಿಂಗು, ಸಂಜೆ ಬಿ.ಪಿ. ಮಾತು ಎಂದು ಸುಖವಾಗಿದ್ದಾರೆ. ನನಗೆ ಹತ್ತಿದ್ದು ಹಳೆಯ ಪದಕ ಕೊಳ್ಳುವ ಹುಚ್ಚು. ಯಾವುದೋ ಊರಿನ ಯಾರೋ ಯಾವಾಗಲೋ ಗೆದ್ದದ್ದು ಕೊರಿಯರಿನಲ್ಲಿ ನನ್ನ ಮನೆಗೆ ಬರುತ್ತದೆ. ಏನೂ ಗೆಲ್ಲದೆ ಪದಕ ಪಡೆಯುವ ಆ ಆನಂದವನ್ನು ಹೇಗೆ ಹೇಳಲಿ!

ಬಣ್ಣ ಬೆಳ್ಳೀದು

ಪದಕಗಳೆಲ್ಲ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿದ್ದವು. ಯುಗಾದಿಯ ಹಿಂದೆ ಮುಂದೆ ಇರಬೇಕು, ಹೊಸದೊಂದು ಬಂತು. ‘ಬೆಳ್ಳಿ ನೋಡು’ ಎಂದು ಹೆಂಡತಿಯ ಕೈಗಿಟ್ಟೆ. ಆಕೆ ಪದಕ ನೋಡಲಿಲ್ಲ. ನನ್ನ ಫೋನು ತೆಗೆದುಕೊಂಡು ಮಾರಿದವನು ಬರೆದದ್ದನ್ನು ಮೊದಲಿಂದ ಕೊನೆಯವರೆಗೆ ಓದಿದಳು.

“ಬೆಳ್ಳಿ ಬಣ್ಣದ್ದು ಅಂತ ಬರದಾನ್ರಿ. ಬಣ್ಣ ಬೆಳ್ಳೀದು. ಪದಕ ಯಾವುದರದು ಅಂತ ಎಲ್ಲಿ ಬರದಾನ?”

ಕುಷ್ಟಗಿಯಲ್ಲಿರುವ ಕಾಲೇಜಿನ ಗೆಳೆಯನಿಗೆ ಫೋನು ಹಚ್ಚಿದೆ. ಅವನು ರಸಾಯನಶಾಸ್ತ್ರ ಓದಿದವನು.

“ಅಯಸ್ಕಾಂತ ಹಿಡಿದು ನೋಡಪ್ಪಾ. ಬೆಳ್ಳಿಗೆ ಅಂಟೂದಿಲ್ಲ. ತಾಮ್ರಕ್ಕ ಅಂಟೂದಿಲ್ಲ, ಹಿತ್ತಾಳಿಗೂ ಇಲ್ಲ. ಛಲೋ ಸ್ಟೀಲಿನ ಭಾಂಡೇ ಪಾತ್ರೆಗೂ ಅಂಟೂದಿಲ್ಲ.”

“ಮತ್ತ ಅಂಟಲಿಲ್ಲಂದ್ರ ಅದು ಬೆಳ್ಳಿ ಅಂತ ಹೆಂಗ ಗೊತ್ತಾಗಬೇಕಲೇ?”

“ಗೊತ್ತಾಗೂದಿಲ್ಲ. ಅಂಟಿದ್ರ ಅಲ್ಲ ಅಂತ ಗೊತ್ತಾಗತೈತಿ.”

ಹಳೆಯ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ಮನೆಯಲ್ಲಿತ್ತು. ಡಬ್ಬಿಯ ಮೇಲೆ ಆಡಿಸಿದೆ. ಏಳು ಪದಕಗಳು ಎದ್ದು ಬಂದು ಅದನ್ನು ಅಪ್ಪಿಕೊಂಡವು. ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಳು.

“ನೋಡ್ರಿ, ಮಹಾನವಮಿಗೆ ಮನಿ ತೊಳೀತೀನಿ. ಅಷ್ಟರೊಳಗ ಈ ಡಬ್ಬಿಯೊಳಗ ಒಂದರ ಬೆಳ್ಳಿ ತೋರಸ್ರಿ. ತೋರಿಸಿದ್ರ ಡಬ್ಬಿ ನಿಮ್ದು, ನಾ ಉಸಿರು ಬಿಡೂದಿಲ್ಲ. ಇಲ್ಲಂದ್ರ ಭಾಂಡೇದಾಕಿಗೆ ಹಾಕಿ ಒಂದು ಸ್ಟೀಲಿನ ಪಾತೇಲಿ ತಗೋತೀನಿ.”

ಹಳೇ ಸಾಮಾನು ಪಡೆದು ಹೊಸ ಪಾತ್ರೆ ಕೊಡುವ ಭಾಂಡೇದಾಕಿ ನಮ್ಮ ಓಣಿಗೆ ತಿಂಗಳಿಗೊಮ್ಮೆ ಬರುತ್ತಾಳೆ. ನನ್ನ ಎರಡು ಪ್ಯಾಂಟು ಆಗಲೇ ಆ ದಾರಿಯಲ್ಲಿ ಹೋಗಿದ್ದವು. ಇದು ಬರೀ ಬೆದರಿಕೆಯಲ್ಲ ಎಂದು ನನಗೆ ಗೊತ್ತಿತ್ತು.

ಒರೆಗಲ್ಲು

ಇದ್ದುದರಲ್ಲಿ ಹೆಚ್ಚು ಹೊಳೆಯುವುದನ್ನು ಆರಿಸಿಕೊಂಡು ಬಜಾರದ ಮುದುಕ ಅಕ್ಕಸಾಲಿಗನ ಹತ್ತಿರ ಹೋದೆ. ಅವನು ಕನ್ನಡಕ ಏರಿಸಿ ಪದಕವನ್ನು ಕರೀ ಒರೆಗಲ್ಲಿನ ಮೇಲೆ ತಿಕ್ಕಿದ. ಬೆಳ್ಳನೆಯ ಗೆರೆ ಮೂಡಿತು. ನನ್ನ ಎದೆ ಉಬ್ಬಿತು. ಅದೇ ಅಂಚನ್ನು ಇನ್ನೊಮ್ಮೆ ತಿಕ್ಕಿದ. ಗೆರೆ ಕೆಂಪಾಯಿತು. ಮೂರನೆಯದು ಇನ್ನೂ ಕೆಂಪು.

“ಒಳಗ ತಾಮ್ರ ಐತ್ರಿ ಸಾಹೇಬ್ರ. ಮ್ಯಾಲಷ್ಟ ಬೆಳ್ಳಿ ನೀರು ಕುಡಿಸ್ಯಾರ.”

“ಇರಲಿ, ಆ ಮ್ಯಾಲಿನ ಬೆಳ್ಳಿನರ ಅಸಲಿ ಹೌದಲ್ಲೋ? ಎಷ್ಟು ಇದ್ದೀತು?”

ಅಕ್ಕಸಾಲಿಗ ಪದಕವನ್ನು ನನ್ನ ಕೈಗೆ ಕೊಟ್ಟು, ಒರೆಗಲ್ಲನ್ನು ತನ್ನ ಕಡೆ ಎಳೆದುಕೊಂಡ.

“ಇತ್ರಿ. ಈಗ ಈ ಕಲ್ಲಿನ ಮ್ಯಾಲ ಐತಿ.”

ತಕ್ಕಡಿಯ ಮೇಲಿನ ನೀರು

ಇನ್ನು ತಿಕ್ಕುವ ಕೆಲಸ ಬೇಡ, ಲೆಕ್ಕದಿಂದಲೇ ಹಿಡಿಯೋಣ ಎಂದುಕೊಂಡೆ. ಪದಕವನ್ನು ಮೊದಲು ಹಾಗೇ ತೂಗಬೇಕು. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಪದಕವನ್ನು ದಾರಕ್ಕೆ ಕಟ್ಟಿ ತಳ ಮುಟ್ಟದಂತೆ ನೀರಿನಲ್ಲಿ ಇಳಿಬಿಡಬೇಕು. ಮೊದಲ ತೂಕವನ್ನು ಆಗ ತೋರುವ ಅಂಕಿಯಿಂದ ಭಾಗಿಸಿದರೆ, ಅಸಲಿ ಬೆಳ್ಳಿಗೆ ಹತ್ತೂವರೆಯ ಹತ್ತಿರ ಬರುತ್ತದೆ. ಜೀವಮಾನವೆಲ್ಲ ಕಾಲುವೆಯ ನೀರು ಅಳೆದವನಿಗೆ ಒಂದು ಲೋಟ ನೀರು ಯಾವ ಮಹಾ!

ಆದರೆ ಸೂಕ್ಷ್ಮ ತಕ್ಕಡಿ ಬೇಕಲ್ಲ. ಗಂಗಾವತಿಯ ಒಂದು ರೈಸ್ ಮಿಲ್ಲಿನ ಮ್ಯಾನೇಜರು ನನಗೆ ಹಳೇ ಪರಿಚಯ. ಭತ್ತದ ಮಾದರಿ ತೂಗುವ ಪುಟ್ಟ ತಕ್ಕಡಿ ಅವನ ಟೇಬಲ್ಲಿನ ಮೇಲೇ ಇರುತ್ತದೆ. ಬಸ್ಸು ಹತ್ತಿ ಹೋದೆ. ಬೇಸಿಗೆ ಬೆಳೆಯ ಭತ್ತ ಬರುವ ಕಾಲ, ಹೊರಗೆ ಟ್ರಾಕ್ಟರುಗಳ ಸಾಲು. “ನಿಮ್ದು ನೀವು ನೋಡಿಕೊಳ್ರಿ ಸರ್” ಎಂದು ತಕ್ಕಡಿ ನನ್ನ ಕಡೆ ಸರಿಸಿ ಅವನು ಫೋನಿನಲ್ಲಿ ಮುಳುಗಿದ. ಅಯಸ್ಕಾಂತಕ್ಕೆ ಅಂಟದ ಇನ್ನೊಂದು ಪದಕ ಒಯ್ದಿದ್ದೆ, ಹಾಗೇ ತೂಗಿದಾಗ ಮೂವತ್ನಾಲ್ಕು ಗ್ರಾಂ. ಲೋಟ ಇಟ್ಟು, ಉಸಿರು ಬಿಗಿಹಿಡಿದು ದಾರ ಇಳಿಬಿಟ್ಟೆ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ರೈತ ಕಾಣಿಸಿಕೊಂಡ. ಲೋಟ ನೋಡಿದ, ತಕ್ಕಡಿ ನೋಡಿದ, ಹೊರಗೆ ತಿರುಗಿ ಕೂಗು ಹಾಕಿದ.

“ಏ, ಬರ್ರೋ ಇಲ್ಲೆ! ನಮ್ಮ ಭತ್ತದಾಗ ನೀರು ಹೆಚ್ಚೈತಿ ಅಂತ ತೂಕ ಮುರೀತಾರಲ್ಲ, ನೀರು ಎಲ್ಲಿಂದ ಬರತೈತಿ ನೋಡ್ರಿಲ್ಲೆ! ತಕ್ಕಡಿ ಮ್ಯಾಲ ಲೋಟಾನ ಇಟ್ಕೊಂಡು ಕುಂತಾರ!”

ಚಣದಲ್ಲಿ ಇಪ್ಪತ್ತು ಜನ ಸೇರಿದರು. ನಾನು ದಾರ ಎತ್ತಿ ಪದಕ ತೋರಿಸಿದೆ, ಸಾಂದ್ರತೆ ಎಂದರೇನು ಎಂದು ವಿವರಿಸತೊಡಗಿದೆ. ಹಿಂದಿನಿಂದ ಒಬ್ಬ ನನ್ನ ಗುರುತು ಹಿಡಿದ.

“ಏ, ಇವರು ಕಾಲುವಿ ಸಾಹೇಬ್ರಲ್ಲೇನೋ! ಆಗ ನಾವು ಹಲ್ಲು ಗಿಂಜಿದ್ರೂ ಹೊಲಕ್ಕ ನೀರು ಬಿಡಲಿಲ್ಲ. ಈಗ ತಕ್ಕಡಿಗೆ ಬಿಡಾಕ ಬಂದಾರ!”

ಮ್ಯಾನೇಜರು ನನ್ನನ್ನು ಹಿಂದಿನ ಬಾಗಿಲಿನಿಂದ, ಹೊಟ್ಟಿನ ರಾಶಿಯ ಮೇಲೆ ಹಾಯಿಸಿ ಕಳಿಸಿದ. ನೀರಿನಲ್ಲಿ ತೋರಿದ ಅಂಕಿ ನಾಲ್ಕು. ಅಂದರೆ ಎಂಟೂವರೆ. ಹಿತ್ತಾಳೆ.

ಮಂಜಿನ ತುಂಡು

ಬೆಳ್ಳಿಯ ಮೇಲೆ ಮಂಜುಗಡ್ಡೆಯ ತುಂಡು ಇಟ್ಟರೆ ನೋಡನೋಡುತ್ತಲೇ ಕರಗುತ್ತದಂತೆ. ಇದನ್ನು ವೀಡಿಯೋದಲ್ಲಿ ನೋಡಿದ ಮರುದಿನವೇ ಯಲಬುರ್ಗಾಕ್ಕೆ ಮದುವೆಗೆ ಹೋಗಬೇಕಾಯಿತು. ಡಬ್ಬಿಯನ್ನೂ ಒಯ್ದೆ. ಅಲ್ಲಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ಹೆಂಡತಿಯ ತಮ್ಮನ ಮನೆಯಲ್ಲಿ ಊಟವಾದ ಮೇಲೆ, ಮನೆ ಮುಂದಿನ ಕಟ್ಟೆಯ ಮೇಲೆ ಅಯಸ್ಕಾಂತಕ್ಕೆ ಅಂಟದೆ ಉಳಿದ ಪದಕಗಳನ್ನು ಸಾಲಾಗಿ ಹರವಿ ಒಂದೊಂದರ ಮೇಲೆ ಒಂದೊಂದು ತುಂಡು ಇಟ್ಟೆ. ಮೊದಲನೆಯದು ಕರಗಿತು. ಬೆಳ್ಳಿ! ಎರಡನೆಯದೂ ಕರಗಿತು. ಒಂಬತ್ತೂ ಕರಗಿದವು. ನಾನು ಕುಣಿಯುವುದೊಂದು ಬಾಕಿ.

ಹೆಂಡತಿಯ ತಮ್ಮ ಉಳಿದ ತುಂಡನ್ನು ಬರೀ ಕಟ್ಟೆಯ ಮೇಲೆ ಇಟ್ಟ. ಅದು ಎಲ್ಲಕ್ಕಿಂತ ಮೊದಲು ಮಾಯವಾಯಿತು.

“ಮಾಮಾರ, ಈ ಬಿಸಲಾಗ ಪರೀಕ್ಷೆ ಮಾಡಿದ್ರ ನಮ್ಮ ಕಟ್ಟೀನ ಅಪ್ಪಟ ಬೆಳ್ಳಿ ನೋಡ್ರಿ. ಕೊರಿಯರ್ ಮಾಡ್ಲ್ಯಾ?”

ಹುಣಸೆಹಣ್ಣು

ಮಹಾನವಮಿ ಬಂದೇ ಬಿಟ್ಟಿತು. ಸಂತೆಯಿಂದ ಬಂದು ನೋಡುತ್ತೇನೆ, ಹಿತ್ತಲಿನಲ್ಲಿ ದೊಡ್ಡ ತಗಡಿನ ಬುಟ್ಟಿಯ ತುಂಬ ಹುಣಸೆಹಣ್ಣಿನ ನೀರು. ಅದರೊಳಗೆ ದೇವರ ಸಾಮಾನು, ತಾಮ್ರದ ಕೊಡ, ಹೆಂಡತಿಯ ತವರಿನ ಟ್ರಂಕಿನ ಹಳೇ ಚಿಕ್ಕಪುಟ್ಟ ಸಾಮಾನು, ಎಲ್ಲದರ ನಡುವೆ ನನ್ನ ಪದಕಗಳು! ಹಳೇ ಪದಕಕ್ಕೆ ಅದರ ಕಪ್ಪೇ ಶೋಭೆ. ಆ ಕಪ್ಪಿಗೆಂದೇ ನಾನು ಹೆಚ್ಚು ಕೊಟ್ಟು ಕೊಂಡಿದ್ದೆ.

“ಏನು ಮಾಡಿದಿ ಇದು? ನೂರು ವರ್ಷದ್ದಿತ್ತು!”

“ಅದಕ್ಕ ತೊಳದೀನ್ರಿ. ನೂರು ವರ್ಷದಿಂದ ಯಾರೂ ತೊಳದಿದ್ದಿಲ್ಲ.”

ಸಿಟ್ಟಿನಲ್ಲಿ ಬುಟ್ಟಿಗೆ ಕೈ ಹಾಕಿ, ಗುಂಡಗೆ, ಚಪ್ಪಟೆಯಾಗಿ ಕಂಡದ್ದನ್ನೆಲ್ಲ ಬಾಚಿ ಡಬ್ಬಿಗೆ ತುಂಬಿಕೊಂಡೆ. ಎಣಿಸಲೂ ಇಲ್ಲ.

ಭಾಂಡೇದಾಕಿ

ಮರುದಿನ ಹನ್ನೊಂದಕ್ಕೆ ಭಾಂಡೇದಾಕಿ ಬುಟ್ಟಿ ಇಳಿಸಿದಳು. ಹೆಂಡತಿ ಡಬ್ಬಿ ತಂದು ಅವಳ ಮುಂದೆ ಇಟ್ಟು, ಚಹಾ ಮಾಡಲು ಒಳಗೆ ಹೋದಳು. ನಾನು ಕಟುಕನ ಮುಂದೆ ಕುರಿ ಬಿಟ್ಟವನ ಹಾಗೆ ನಿಂತೆ.

ಅವಳಿಗೆ ಅಯಸ್ಕಾಂತವೂ ಬೇಡ, ತಕ್ಕಡಿಯೂ ಬೇಡ. ಒಂದೊಂದನ್ನೇ ಅಂಗೈಯಲ್ಲಿ ತೂಗುವಳು, ಬಾಗಿಲ ಮುಂದಿನ ಬಂಡೆಯ ಮೇಲೆ ಟಣ್ಣೆಂದು ಬಡಿಯುವಳು, ಬದಿಗೆ ಎಸೆಯುವಳು. “ಕಬ್ಬಣ. ಹಿತ್ತಾಳಿ. ಹಿತ್ತಾಳಿ. ತಾಮ್ರ. ಇದು ಯಾತರದ್ದೂ ಅಲ್ಲರಿ ಯಣ್ಣಾ, ಎಲ್ಲಾ ಕೂಡಿಸಿ ಕರಗಿಸ್ಯಾರ.” ನಾನು ಅರ್ಧ ವರ್ಷ ಮೂರು ತಾಲೂಕು ತಿರುಗಿ ಮಾಡಿದ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತ ಬಂತು. ಕೊನೆಯ ಪದಕ ಬಂಡೆಗೆ ಬಿತ್ತು. ದನಿಯೇ ಬೇರೆ. ಅವಳು ಮತ್ತೊಮ್ಮೆ ಬಡಿದಳು.

“ಇದು ಬೆಳ್ಳಿ ನೋಡ್ರಿ ಯಣ್ಣಾ. ಅಪ್ಪಟ.”

ನಾನು ಕಸಿದುಕೊಂಡೆ. ಅಕ್ಷರ ಸವೆದು ಹೋಗಿತ್ತು. ನಡುವೆ ಇಬ್ಬರು ಒಬ್ಬರನ್ನೊಬ್ಬರು ಅಪ್ಪಿಕೊಂಡ ಚಿತ್ರ. ಯಾವಾಗ ಕೊಂಡೆ ಎಂಬುದು ನೆನಪಾಗಲಿಲ್ಲ, ಕೊಂಡದ್ದು ಒಂದೇ ಎರಡೇ! ಅಲ್ಲೇ ಕಟ್ಟೆಯ ಮೇಲೆ ಕೂತು ಫೋಟೋ ತೆಗೆದೆ. ನಾನು ಹೆಚ್ಚು ಸಲ ಕೊಂಡ ಅಂಗಡಿಯ ಪುಟದಲ್ಲಿ ಐದು ಚುಕ್ಕೆ ಒತ್ತಿ ಬರೆದೆ: ‘ಅಪ್ಪಟ ಬೆಳ್ಳಿ. ಇಬ್ಬರು ರಾಜರ ಒಡಂಬಡಿಕೆಯ ನೆನಪಿನ ಅಪರೂಪದ ಪದಕ. ನಂಬಿಕಸ್ಥ ವ್ಯಾಪಾರಿ.’ ಆಮೇಲೆ ಒಳಗೆ ಕೂಗಿದೆ: “ಬಾ ಇಲ್ಲೆ! ಡಬ್ಬಿ ನಂದಾತು!”

ಹೆಂಡತಿ ಚಹಾ ಹಿಡಿದು ಬಂದಳು. ಪದಕ ನೋಡಿದಳು. ಬಟ್ಟಲು ಕೆಳಗಿಟ್ಟಳು.

“ಇದು ಇಲ್ಲೈತೇನು? ನಿನ್ನಿಯಿಂದ ಹುಡುಕಾಕತ್ತೀನಿ. ಇದು ನಮ್ಮಪ್ಪಂದ್ರಿ! ಮಂಗಳೂರಾಗ ಕುಸ್ತಿ ಗೆದ್ದಾಗ ಊರವರು ಹಾಕಿದ್ದು.”

“ಮತ್ತ ಈ ಒಡಂಬಡಿಕಿ?”

“ಎಲ್ಲಿ ಒಡಂಬಡಿಕಿ? ಪಟ್ಟು ಹಾಕ್ಯಾರ ನೋಡ್ರಿ ಅಲ್ಲೆ!”

ನಮ್ಮ ಮಾವನವರು ಮಂಗಳೂರಿನ, ಅಂದರೆ ಕಡಲ ದಂಡೆಯದಲ್ಲ, ನಮ್ಮ ಕೊಪ್ಪಳ ಸೀಮೆಯ ಹಳ್ಳಿ ಮಂಗಳೂರಿನ ಪೈಲ್ವಾನರಾಗಿದ್ದರೆಂದು ಕೇಳಿದ್ದೆ. ಆದರೆ ಮದುವೆಯಾದಾಗಿನಿಂದ ಆ ಟ್ರಂಕಿನಲ್ಲಿ ಏನಿದೆ ಎಂದು ಒಮ್ಮೆಯೂ ಕೇಳಿದವನಲ್ಲ. ಊರೂರಿನ ಪದಕ ತರಿಸಿದವನ ಮನೆಯಲ್ಲೇ ಅಸಲಿ ಕೂತಿತ್ತು. ಪದಕವನ್ನು ಆಕೆಯ ಕೈಗಿಡುತ್ತಿದ್ದಾಗ ಫೋನು ಟಿಣ್ ಎಂದಿತು. ವ್ಯಾಪಾರಿಯ ಉತ್ತರ. ಹೆಂಡತಿಯೇ ಗಟ್ಟಿಯಾಗಿ ಓದಿದಳು: ‘ಧನ್ಯವಾದ ಸರ್. ನಮ್ಮಲ್ಲಿ ಎಲ್ಲವೂ ಅಸಲಿ. ನೀವು ಕೊಂಡ ಆ ಒಡಂಬಡಿಕೆ ಪದಕದ ಜೋಡಿ ಇನ್ನೊಂದು ನಮ್ಮ ಬಳಿಯೇ ಇದೆ. ಕಳಿಸಲೇ?’

“ಕೇಳ್ರಿ ಅವನ್ನ,” ಎಂದಳು ಹೆಂಡತಿ, “ನಮ್ಮಪ್ಪ ಎರಡನೇ ಕುಸ್ತಿ ಯಾವಾಗ ಗೆದ್ದಿದ್ದ ಅಂತ. ನಮ್ಮವ್ವಗೂ ಗೊತ್ತಿದ್ದಿಲ್ಲ.”

ಭಾಂಡೇದಾಕಿ ಬಂಡೆ ಹಿಡಿದುಕೊಂಡು ನಕ್ಕಳು. ಡಬ್ಬಿ ಅವಳ ಬುಟ್ಟಿಗೆ ಹೋಯಿತು, ಪಳಪಳ ಹೊಳೆಯುವ ಪಾತೇಲಿಯೊಂದು ನಮ್ಮ ಅಡುಗೆಮನೆಗೆ ಬಂತು. “ಅಪ್ಪಟ ಸ್ಟೀಲು. ವ್ಯಾಪಾರ ಅಂದ್ರ ಹಿಂಗ ಮಾಡಬೇಕ್ರಿ,” ಎಂದು ಹೆಂಡತಿ ವಾರಗಟ್ಟಲೆ ಹೇಳಿದಳು. ನಾನು ತಲೆದೂಗಿದೆ.

ಮೊನ್ನೆ ಆಕೆ ತವರಿಗೆ ಹೋದಾಗ, ಹೊತ್ತು ಹೋಗದೆ, ರೇಡಿಯೋದ ಅಯಸ್ಕಾಂತವನ್ನು ಆ ಪಾತೇಲಿಗೆ ಹಿಡಿದೆ. ಟಪ್ಪೆಂದು ಅಂಟಿತು ನೋಡಿ, ಎರಡೂ ಕೈಯಿಂದ ಎಳೆಯಬೇಕಾಯಿತು. ಇನ್ನೂ ಹೇಳಿಲ್ಲ. ಮುಂದಿನ ಪದಕ ಕೊರಿಯರಿನಲ್ಲಿ ಬರುವ ದಿನ ಹೇಳುತ್ತೇನೆ.