ಮೂರು ಸಲ ಕೂಗಿದೆ, ಸ್ವಾಮಿ

ನನ್ನ ಗಂಟಲಿನ ಬಗ್ಗೆ ನನಗೆ ಬಹಳ ಜಂಬವಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅರಕಲಗೂಡಿನ ಕೋರ್ಟಿನಲ್ಲಿ ನಾನು ಜವಾನ. ಬಾಗಿಲಿಗೆ ಬಂದು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ನನ್ನ ಕೆಲಸ. ಮೂರಕ್ಕೂ ಬಾರದವರು ಗೈರುಹಾಜರು. ಅವರ ಕೇಸು ವಜಾ ಆದರೂ ಆಯಿತು. ನಾನು ಕೂಗಿದರೆ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರು ಕೈ ತೊಳೆಯದೆ ಓಡಿಬರುತ್ತಿದ್ದರು. ಮನೆಯಲ್ಲೂ ಅಷ್ಟೇ, ಕಾಫಿಗೆ ಮೂರು ಸಲ ಕೂಗುತ್ತೇನೆ. "ಇದು ಮನೆ ಕಣ್ರೀ, ಕೋರ್ಟಲ್ಲ" ಎನ್ನುತ್ತಾ ಹೆಂಡತಿ ಜಯಮ್ಮ ಮೂರನೆಯ ಕೂಗಿಗೆ ಲೋಟ ತಂದು ಕುಕ್ಕುತ್ತಾಳೆ.

ಹೀಗಿರುವಾಗ ಹಾಸನದಲ್ಲಿ ನಮಗೊಂದು ತರಬೇತಿ ಇಟ್ಟರು. ಕೋರ್ಟ್ ಸಿಬ್ಬಂದಿಯ ಮನಸ್ಸು ಹೇಗಿರಬೇಕು, ಮಾತು ಹೇಗಿರಬೇಕು ಎಂಬ ಪಾಠ. "ಬರುವವರು ಮೊದಲೇ ಹೆದರಿರುತ್ತಾರೆ. ದನಿ ತಗ್ಗಿಸಿ, ನಗುನಗುತ್ತಾ ಮಾತಾಡಿ" ಎಂದರು ಪಾಠ ಹೇಳಿದ ಮೇಡಂ. ನನ್ನನ್ನೇ ನೋಡಿ ಹೇಳಿದಂತಿತ್ತು. ನಿಜವಾಗಿಯೂ ನಾಚಿಕೆಯಾಯಿತು. ವಾಪಸು ಬರುವಾಗ ಬಸ್ಸಿನ ಕಿಟಕಿ ಗಾಜಿನಲ್ಲಿ ನಗುವುದನ್ನು ಅಭ್ಯಾಸ ಮಾಡಿದೆ. ಪಕ್ಕದಲ್ಲಿದ್ದವರು ಗೊರೂರಿನಲ್ಲಿ ಸೀಟು ಬದಲಾಯಿಸಿದರು.

ಮರುದಿನ ತಿಮ್ಮಮ್ಮ ಎಂಬ ಅಜ್ಜಿಯ ಕೇಸಿತ್ತು. ತವರಿನ ಜಮೀನಿನಲ್ಲಿ ಪಾಲು ಕೇಳಿ ವರ್ಷಗಳಿಂದ ಅಲೆಯುತ್ತಿದ್ದವರು. ಅವರ ವಕೀಲರು ಅಂದು ಹೊಳೆನರಸೀಪುರದ ಕೋರ್ಟಿನಲ್ಲಿ ಸಿಕ್ಕಿಕೊಂಡಿದ್ದರು. ನಾನು ಬಾಗಿಲಲ್ಲಿ ನಿಂತು, ನಗುತ್ತಾ, ಮೆತ್ತಗೆ ಮೂರು ಸಲ ಕರೆದೆ. ಯಾರೂ ಏಳಲಿಲ್ಲ. ಅಷ್ಟು ವರ್ಷ ಅವರ ಹೆಸರು ಕೂಗಿದ್ದೆನೇ ಹೊರತು ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

"ಮೂರು ಸಲ ಕೂಗಿದೆ ಸ್ವಾಮಿ, ಯಾರೂ ಇಲ್ಲ" ಎಂದೆ. ಜಡ್ಜ್ ಸಾಹೇಬರು ವಜಾ ಎಂದು ಬರೆಯಲು ಪೆನ್ನು ಕೈಗೆತ್ತಿಕೊಂಡರು. ಆಗ ನೆನಪಾಯಿತು. ಬೆಳಿಗ್ಗೆ ಯಾರೋ ಅಜ್ಜಿ, "ತಿಮ್ಮಮ್ಮನ ಕೇಸು ಯಾವಾಗ್ ಸಾ?" ಎಂದು ಕೇಳಿದ್ದರು, ನಾನು ತಲೆಯೆತ್ತದೆ "ಕೂಗ್ತೀನಿ, ಕೂತ್ಕೊಳಜ್ಜಿ" ಎಂದಿದ್ದೆ.

"ಇನ್ನೊಂದು ಸಲ ಕೂಗ್ತೀನಿ ಸ್ವಾಮಿ" ಎಂದು ಕೈಮುಗಿದು ಹೊರಗೋಡಿ, ತರಬೇತಿಯನ್ನೆಲ್ಲ ಮರೆತು ಅರಚಿದೆ. ಬಾಗಿಲ ಪಕ್ಕದ ಬೆಂಚಿನಿಂದಲೇ ಅಜ್ಜಿ ದಡಬಡನೆ ಎದ್ದರು.

"ಇಲ್ಲೇ ಇವ್ನಿ ಸಾ! ಆಗ್ಲಿಂದ ನಿಮ್ ಮೊಕಾನೇ ನೋಡ್ತಾ ಕುಂತಿವ್ನಿ. ನಗ್ತಾ ನಗ್ತಾ ಏನೋ ಏಳ್ತಿದ್ರಿ, ಯಾರ್ನೋ ಮದ್ವೆಗೆ ಕರೀತಾವ್ರೆ ಅನ್ಕಂಡೆ!"

ಕೇಸು ಉಳಿಯಿತು.

ಸಂಜೆ ಮನೆಗೆ ಬಂದು ಕೂತೆ. ಕಲಿತ ಪಾಠ ಇಲ್ಲಾದರೂ ಉಪಯೋಗಕ್ಕೆ ಬರಲಿ ಎಂದು "ಜಯಾ, ಒಂಚೂರು ಕಾಫಿ ಕೊಡ್ತೀಯಾ?" ಎಂದು ನಗುತ್ತಾ ಕರೆದೆ. ಒಂದೇ ಕರೆಗೆ ಬಂದಳು, ಲೋಟವಿಲ್ಲದೆ. ಹಣೆ ಮುಟ್ಟಿ ನೋಡಿದಳು.

"ಏನ್ರೀ, ಏನ್ ತಪ್ ಮಾಡ್ಬುಟ್ ಬಂದ್ರಿ?"

ಮೂರು ಸಲ ಕೇಳಿದಳು. ನಾನು ಅವಳ ಎದುರಿಗೇ ಕೂತು ಗೈರುಹಾಜರಾದೆ.