ಮದುವೆ ಗಂಡಿನ ಮುಂದಿನ ಹಲ್ಲು

ಹಲ್ಲಿನ ಡಾಕ್ಟರ ಬದುಕಿನಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ಆದರೆ ಎದುರಿಗಿರುವವರು ಬಾಯಿ ತೆರೆದು ನಡುಗುತ್ತಾ ಕೂತಿರುತ್ತಾರಾದ್ದರಿಂದ ನಾವು ಮಾಸ್ಕಿನೊಳಗೇ ನಕ್ಕು ಮುಗಿಸಬೇಕು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ಒಂದು ಸೀರೆ ಅಂಗಡಿಯ ಮಹಡಿಯ ಮೇಲೆ ನನ್ನ ಕ್ಲಿನಿಕ್ಕು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಹಲ್ಲಿನದೇ ಬಣ್ಣದ ಫಿಲ್ಲಿಂಗ್ ಗಟ್ಟಿ ಮಾಡುವ ನೀಲಿ ಬೆಳಕಿನ ಮಷೀನು ತಂದಿಟ್ಟೆ. ಅದಕ್ಕೆ ಬಂದ ಮೊದಮೊದಲಿನವರಲ್ಲಿ ಒಬ್ಬ ಮದುವೆ ಗಂಡು. ಅವನೊಬ್ಬನಿಂದಲೇ ನನ್ನ ಮಾಸ್ಕು ಸವೆಯಿತು.

೧. ಹ್ಞೂಂ

ಭದ್ರಾವತಿಯ ಜನ್ನಾಪುರದಿಂದ ತಾಯಿ, ಮಗ ಬಂದಿದ್ದರು. ಮಗನಿಗೆ ಕಾರ್ಖಾನೆಯಲ್ಲಿ ಕೆಲಸ. ಬಾಯಿ ತೆಗೆಯಿರಿ ಅಂದರೆ ತೆಗೆಯಲೊಲ್ಲ. ಅಂತೂ ತೆಗೆದಾಗ, ಮೇಲಿನ ಮುಂದಿನ ಹಲ್ಲಿನಲ್ಲೇ ಉದ್ದಿನಬೇಳೆಯಷ್ಟು ದೊಡ್ಡ ಕಪ್ಪು ತೂತು.

"ಡಾಕ್ಟ್ರಮ್ಮ, ಹೆಣ್ಣು ನೋಡೋಕೆ ಹೋದಾಗ ಈ ಮಾರಾಯ ಬಾಯೇ ಬಿಡ್ಲಿಲ್ಲ" ಅಂದರು ತಾಯಿ. "ಉಪ್ಪಿಟ್ಟನ್ನೂ ಕೈ ಅಡ್ಡ ಹಿಡ್ಕೊಂಡೇ ತಿಂದ. ಏನ್ ಕೇಳಿದ್ರೂ ಹ್ಞೂಂ. ಹುಡುಗನಿಗೆ ಮಾತು ಬರುತ್ತಾ ಅಂತ ಅವರಿಗೀಗ ಅನುಮಾನ. ಭಾನುವಾರ ಮನೆಗೇ ಬಂದು ಮಾತಾಡಿಸ್ತಾರಂತೆ. ಆಗ್ಲೂ ಹ್ಞೂಂ ಅಂದ್ರೆ ಸಂಬಂಧ ಹೋದ ಹಾಗೇ."

"ನಂಗೆ ಹುಡುಗಿ ತುಂಬಾ ಇಷ್ಟ ಆಗಿದಾಳೆ ಮೇಡಂ" ಅಂದ ಮಗ, ಅಂಗೈ ಹಿಂದಿನಿಂದ.

ವಿಚಾರಿಸಿದಾಗ ತಿಳಿಯಿತು: ಬೀಡಿ ಬಿಟ್ಟಿದ್ದ. ಅದರ ಬದಲಿಗೆ ಶಿಫ್ಟು ಪೂರ್ತಿ ಒಂದಾದ ಮೇಲೊಂದು ಪೆಪ್ಪರ್‌ಮಿಂಟು, ಅದೂ ಮುಂದಿನ ಹಲ್ಲಿಗೆ ಒತ್ತಿ ಚೀಪುವುದು. ಒಳ್ಳೆಯ ಬುದ್ಧಿಯೇ ಹಲ್ಲು ತಿಂದಿತ್ತು.

"ಫಿಲ್ಲಿಂಗ್ ಹಾಕ್ತೀನಿ. ಆದ್ರೆ ಪೆಪ್ಪರ್‌ಮಿಂಟು ಬಿಡ್ಬೇಕು. ರಾತ್ರಿ ಮಲಗೋ ಮುಂಚೆ ಹಲ್ಲುಜ್ಜಬೇಕು. ಇಲ್ದಿದ್ರೆ ಪಕ್ಕದ್ದೂ ಹುಳುಕಾಗುತ್ತೆ" ಅಂದೆ.

ತಾಯಿ ಕಣ್ಣರಳಿಸಿದರು. "ರಾತ್ರಿ ಉಜ್ಜಿ ಯಾರಿಗೆ ತೋರಿಸ್ಬೇಕು ಡಾಕ್ಟ್ರಮ್ಮ? ಮೊದ್ಲು ಮದ್ವೆ ಆಗ್ಲಿ ಬಿಡಿ!"

೨. ಬಣ್ಣ ನೋಡಿದ್ದು

ಹಲ್ಲಿನ ಬಣ್ಣ ಹೊಂದಿಸಲು ನಮ್ಮ ಹತ್ತಿರ ಒಂದು ಪಟ್ಟಿ ಇರುತ್ತದೆ. ಸಾಲಾಗಿ ಪುಟ್ಟ ಪುಟ್ಟ ಹಲ್ಲುಗಳು, ಒಂದಕ್ಕಿಂತ ಒಂದು ಚೂರು ಹಳದಿ. ಅದನ್ನು ಮಗನ ಬಾಯಿಗೆ ಹಿಡಿದದ್ದೇ ತಡ, ತಾಯಿ ನನ್ನ ಕೈಯಿಂದ ಇಸಿದುಕೊಂಡರು.

"ಟ್ಯೂಬ್‌ಲೈಟಲ್ಲಿ ನೋಡಿ ತಗೊಂಡ್ರೆ ಮೋಸ. ಹೋದ್ಸಲ ರವಿಕೆ ಪೀಸು ಹಿಂಗೇ ಆಯ್ತು. ಎದ್ದೇಳೋ, ಬಿಸಿಲಿಗೆ!"

ಮಾತು ಸುಳ್ಳಲ್ಲ, ಹಲ್ಲಿನ ಬಣ್ಣವನ್ನು ನಾವೂ ಹಗಲು ಬೆಳಕಿನಲ್ಲೇ ನೋಡಬೇಕು. ಆದರೆ ಕಿಟಕಿಯ ಹತ್ತಿರ ನೋಡಿದರೆ ಸಾಕು. ಅವರು ಮಗನನ್ನು ಮೆಟ್ಟಿಲಿಳಿಸಿ ನಡುಬೀದಿಗೇ ಕರೆದೊಯ್ದರು. ಹೂವಿನವಳು ಬುಟ್ಟಿ ಬಿಟ್ಟು ಬಂದಳು. ಸೈಕಲ್ಲಿನವರೊಬ್ಬರು ಕಾಲೂರಿ, "ಎರಡನೇದು ಚೆನ್ನಾಗಿದೆ ನೋಡಿ" ಅಂದರು. ಸೀರೆ ಅಂಗಡಿಯ ಸಾಹುಕಾರರೂ ಹೊರಬಂದು, ಕನ್ನಡಕ ಏರಿಸಿ, ಗಂಡಿನ ಬಾಯೊಳಗೆ ಇಣುಕಿದರು.

"ಒಂದು ಪಟ್ಟು ಗಾಢವಾಗಿರೋದೇ ತಗೊಳ್ಳಿ ಅಮ್ಮ. ಒಗೀತಾ ಒಗೀತಾ ಬಿಟ್ಕೊಳ್ಳುತ್ತೆ."

"ಇದು ಬಣ್ಣ ಬಿಡೋದಿಲ್ಲ ಸಾಹುಕಾರ್ರೇ" ಅಂದೆ ನಾನು.

"ನಾವೂ ಗಿರಾಕಿಗಳಿಗೆ ಹಾಗೇ ಹೇಳೋದು ಮೇಡಂ" ಅಂದರು.

೩. ಬಾಯಿ ಮುಚ್ಚಿದ್ದು

ಫಿಲ್ಲಿಂಗ್ ಹಾಕಿಸಿಕೊಳ್ಳಲು ಅವನಿಗೆ ರಜ ಸಿಕ್ಕಿದ್ದು ಶನಿವಾರ ಸಂಜೆ. ಮರುದಿನವೇ ಹೆಣ್ಣಿನ ಕಡೆಯವರು ಬರುವುದು. ಹುಳುಕು ತೆಗೆದು, ತೂತಿಗೆ ಮೆತ್ತನೆಯ ಫಿಲ್ಲಿಂಗ್ ತುಂಬಿ, ಹಲ್ಲಿನ ಆಕಾರಕ್ಕೆ ತಿದ್ದಿ, ಇನ್ನೇನು ನೀಲಿ ಬೆಳಕು ಹಿಡಿಯಬೇಕು, ಕರೆಂಟು ಹೋಯಿತು. ಬೆಳಕು ಬೀಳದೆ ಅದು ಗಟ್ಟಿಯಾಗದು. ಎಂಜಲು ತಗುಲಿದರೆ ಎಲ್ಲ ಕಿತ್ತು ಮತ್ತೆ ಮೊದಲಿನಿಂದ.

"ಬಾಯಿ ಮಾತ್ರ ಮುಚ್ಚಬೇಡಿ!" ಅಂದೆ.

ಕೆಳಗೆ ಸೀರೆ ಅಂಗಡಿಯ ಜನರೇಟರು ಗುಡುಗುಡು ಅನ್ನುತ್ತಿತ್ತು. ಮಷೀನು ಕಂಕುಳಲ್ಲಿಟ್ಟುಕೊಂಡು ಇಳಿದೆ. ಹಿಂದೆ ತುಟಿ ಎತ್ತಿ ಹಿಡಿದುಕೊಂಡು, ಬಾಯಿ ತುಂಬ ಹತ್ತಿಯಿಟ್ಟುಕೊಂಡು ಗಂಡು. ಮುಂದೆ "ದಾರಿ ಬಿಡ್ರಿ, ದಾರಿ ಬಿಡ್ರಿ" ಅನ್ನುತ್ತಾ ತಾಯಿ. ಸಾಹುಕಾರರು ಫ್ಯಾನಿನ ಪ್ಲಗ್ಗು ಕಿತ್ತು ಜಾಗ ಕೊಟ್ಟರು. ಗಂಡನ್ನು ಸ್ಟೂಲಿನ ಮೇಲೆ ಕೂರಿಸಿ ಬೆಳಕು ಹಿಡಿದೆ.

ಆಗ ಸೀರೆಗಳ ರಾಶಿಯ ಆಚೆಯಿಂದ ಒಂದು ಹೆಂಗಸಿನ ದನಿ: "ಅಯ್ಯೋ, ನಮ್ಮ ಹುಡುಗ ಅಲ್ವೇನೇ ಇದು?"

ಹೆಣ್ಣಿನ ತಾಯಿ. ಪಕ್ಕದಲ್ಲಿ ಹೆಣ್ಣು. ಸೀರೆ ನೋಡಲು ಬಂದಿದ್ದರು. ಗಂಡಿನ ತಾಯಿ ಹತ್ತಿರದ ಸೀರೆಯೊಂದನ್ನು ಹಿಡಿದು ಮುಖಕ್ಕೆ ಅಡ್ಡ ಮಾಡಿಕೊಂಡರು. ಗಂಡು ಎದ್ದು ಓಡಲು ನೋಡಿದ. ನಾನು ಗದ್ದ ಬಿಡಲಿಲ್ಲ.

ಹುಡುಗಿ ಮೆಲ್ಲಗೆ ಹತ್ತಿರ ಬಂದು ಬಗ್ಗಿ ನೋಡಿದಳು. "ಇದಕ್ಕಾ ಅವತ್ತು ಮಾತಾಡ್ಲಿಲ್ಲ?"

"ಆಆ" ಅಂದ ಅವನು, ದೈನ್ಯವಾಗಿ.

ಅವಳಿಗೆ ನಗು ತಡೆಯಲಾಗಲಿಲ್ಲ. "ನಾನೂ ಅವತ್ತು ತಲೆ ಎತ್ತಲಿಲ್ವಲ್ಲ, ನಮ್ಮಮ್ಮ ನಾಚಿಕೆ ನಾಚಿಕೆ ಅಂತ ಹೇಳ್ಕೊಂಡು ಬಂದ್ಲು. ನಂದೂ ಒಂದು ಹಲ್ಲು ಹಿಂಗೇ ಇದೆ. ಮೇಡಂ, ಇವರದ್ದು ಆದ್ಮೇಲೆ ನಂದೂ ನೋಡ್ತೀರಾ?" ಅನ್ನುತ್ತಾ ಇಡೀ ಅಂಗಡಿಯ ಮುಂದೆ 'ಆ' ಅಂತ ಬಾಯಿ ತೆರೆದಳು.

"ಏಯ್, ಬಾಯಿ ಮುಚ್ಚೇ!" ಅಂತ ಅವಳಮ್ಮ ಗದರಿದರು.

ಮಗಳು ಮುಚ್ಚಲಿಲ್ಲ. ಬೆಚ್ಚಿಬಿದ್ದು ಟಪ್ಪನೆ ಮುಚ್ಚಿದವನು ನನ್ನ ಪೇಷೆಂಟು. ಅವನ ತುಟಿ ಬಿಡಿಸಿ ನೋಡಿದೆ. ಪುಣ್ಯಕ್ಕೆ ಫಿಲ್ಲಿಂಗ್ ಆಗಲೇ ಕಲ್ಲಿನಂತೆ ಗಟ್ಟಿಯಾಗಿತ್ತು.

ಹೆಣ್ಣಿನ ತಾಯಿ ಮಾತ್ರ ಅವನನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಬೀಗಿತ್ತಿಯ ಮುಖದ ಮುಂದಿನ ಸೀರೆ ಸರಿಸಿ ಹೇಳಿದರು: "ನಾಳೆ ಮಾತಾಡಿಸೋಕೆ ಬರಲ್ಲ ಕಣ್ರೀ. ದಿನ ಗೊತ್ತು ಮಾಡೋಕೇ ಬರ್ತೀವಿ. ಒಂದು ಮಾತಿಗೆ ಬಾಯಿ ಮುಚ್ಚೋ ಅಳಿಯ ಇನ್ನೆಲ್ಲಿ ಸಿಗ್ತಾನೆ?"